ಕೊಡಗಿನಿಂದ ದೂರದ ವಿಮಾನ: ಕಣ್ಣೂರೋ, ಮಂಗಳೂರೋ, ಬೆಂಗಳೂರೋ?

ಕೊಡಗಿಗೆ ರೈಲೂ ಬಂದಿಲ್ಲ, ವಿಮಾನ ನಿಲ್ದಾಣವೂ ಇಲ್ಲ. ದುಬೈಗೆ ಕೆಲಸಕ್ಕೆ ಹೊರಟವರಾಗಲಿ, ಮಗಳ ಬಾಣಂತನಕ್ಕೆ ಲಂಡನ್‌ಗೆ ಹೊರಟವರಾಗಲಿ, ಟಿಕೆಟ್ ನೋಡುವ ಮೊದಲು ಯಾವ ದಾರಿಯಲ್ಲಿ ಜಿಲ್ಲೆಯಿಂದ ಹೊರಬೀಳುವುದು ಎಂದು ತೀರ್ಮಾನಿಸಬೇಕು. ಮಾಕುಟ್ಟ ಘಾಟಿ ಇಳಿದರೆ ಕಣ್ಣೂರು, ಸಂಪಾಜೆ ಘಾಟಿ ಇಳಿದರೆ ಮಂಗಳೂರು, ಕುಶಾಲನಗರ ದಾಟಿದರೆ ಮೈಸೂರು ಮತ್ತು ಬೆಂಗಳೂರು. ಮೊಬೈಲಿನಲ್ಲಿ ಹುಡುಕಿದರೆ ಸಿಗುವ 'ವಿಮಾನ ದೂರ', 'ಪ್ರಯಾಣ ಸಮಯ' ಎರಡೂ ನಿಲ್ದಾಣದಿಂದ ನಿಲ್ದಾಣಕ್ಕೆ ಹಾಕಿದ ಲೆಕ್ಕ. ಮನೆ ಗೇಟಿನಿಂದ ಹಾಕುವ ಲೆಕ್ಕ ಬೇರೆಯೇ ಬರುತ್ತದೆ, ಹಲವು ಸಲ ಉತ್ತರವೂ ತಿರುಗಿಬೀಳುತ್ತದೆ.

ಆಕಾಶದಲ್ಲಿ ಎಷ್ಟು ದೂರ

ಎರಡು ನಿಲ್ದಾಣಗಳ ನಡುವಿನ ದೂರ ಎಂದು ತೋರಿಸುವುದು ಭೂಮಿಯ ಉಬ್ಬಿದ ಮೈಮೇಲೆ ಎಳೆದ ಅತಿ ಚಿಕ್ಕ ಗೆರೆಯ ಉದ್ದ. ಗೋಡೆಯ ನಕಾಶೆಯಲ್ಲಿ ಸ್ಕೇಲ್ ಇಟ್ಟು ಅಳೆದರೆ ಅದು ಸಿಗುವುದಿಲ್ಲ. ಮನೆಯಲ್ಲಿ ಗ್ಲೋಬ್ ಇದ್ದರೆ ಬೆಂಗಳೂರಿನಿಂದ ಸ್ಯಾನ್‌ಫ್ರಾನ್ಸಿಸ್ಕೋಗೆ ಒಂದು ದಾರ ಬಿಗಿಯಾಗಿ ಹಿಡಿದು ನೋಡಿ, ದಾರ ಉತ್ತರ ಧ್ರುವದ ಕಡೆಗೆ ಓಡುತ್ತದೆ. 2021ರ ಜನವರಿಯಲ್ಲಿ ಏರ್ ಇಂಡಿಯಾ ಈ ಎರಡು ಊರುಗಳ ನಡುವೆ ನೇರ ವಿಮಾನ ಶುರುಮಾಡಿದಾಗ ಮೊದಲ ಹಾರಾಟ ಧ್ರುವ ಪ್ರದೇಶದ ಮೇಲೆಯೇ ಬಂತು. ದೂರ ಸುಮಾರು 14,000 ಕಿ.ಮೀ.

ದೂರವನ್ನು ಸಮಯಕ್ಕೆ ತಿರುಗಿಸುವ ಕೈಲೆಕ್ಕ ಸುಲಭ. ಏರ್‌ಬಸ್ 320 ಅಥವಾ ಬೋಯಿಂಗ್ 737 ಆದರೆ ಕಿಲೋಮೀಟರನ್ನು 830ರಿಂದ ಭಾಗಿಸಿ ಅರ್ಧ ಗಂಟೆ ಸೇರಿಸಿ. ಖಂಡ ದಾಟುವ ದೊಡ್ಡ ವಿಮಾನವಾದರೆ 890ರಿಂದ ಭಾಗಿಸಿ 40 ನಿಮಿಷ ಸೇರಿಸಿ. ಈ ಹೆಚ್ಚುವರಿ ಸಮಯ ರನ್‌ವೇವರೆಗೆ ಉರುಳುವುದಕ್ಕೆ, ಏರುವುದಕ್ಕೆ, ಇಳಿಯುವ ಮೊದಲು ನಿಧಾನವಾಗುವುದಕ್ಕೆ ಹೋಗುತ್ತದೆ. ಬೆಂಗಳೂರು–ಲಂಡನ್ ಸುಮಾರು 8,040 ಕಿ.ಮೀ. ಲೆಕ್ಕದ ಪ್ರಕಾರ 9 ಗಂಟೆ 40 ನಿಮಿಷ ಸಾಕು, ಆದರೆ ಹೋಗುವಾಗ ಹತ್ತೂವರೆ–ಹನ್ನೊಂದು ಗಂಟೆ ಹಿಡಿಯುತ್ತದೆ. ಹತ್ತು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಗಾಳಿ ಹೋಗುವಾಗ ಎದುರಾಗುತ್ತದೆ, ಬರುವಾಗ ಬೆನ್ನಿಗಿರುತ್ತದೆ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಇದರ ಜೋರು ಹೆಚ್ಚು. ಸುಗ್ಗಿ ಹಬ್ಬ ಪುತ್ತರಿಗೆಂದು ಲಂಡನ್‌ನಿಂದ ಬರುವವರ ವಿಮಾನ ವೇಳೆಗಿಂತ ಮುಂಚೆ ಇಳಿಯುವುದಕ್ಕೂ, ಮರಳುವಾಗ ಅದೇ ದಾರಿ ಉದ್ದವಾದಂತೆ ಅನಿಸುವುದಕ್ಕೂ ಇದೇ ಕಾರಣ.

ಗಾಳಿಯ ಜೊತೆಗೆ ಗಡಿಯೂ ಇದೆ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ಆಕಾಶವನ್ನು ಭಾರತೀಯ ಕಂಪನಿಗಳಿಗೆ ಮುಚ್ಚಿತು. ಅದರ ಬಿಸಿ ಹೆಚ್ಚು ತಟ್ಟುವುದು ದೆಹಲಿಯಿಂದ ಪಶ್ಚಿಮಕ್ಕೆ ಹೋಗುವ ವಿಮಾನಗಳಿಗೆ. ದಕ್ಷಿಣದಿಂದ ಅರಬ್ಬೀ ಸಮುದ್ರದ ಮೇಲೆ ಗಲ್ಫಿಗೆ ಹೋಗುವವರಿಗೆ ವ್ಯತ್ಯಾಸ ಕಾಣುವುದಿಲ್ಲ. ಯೂರೋಪಿಗೆ ದೆಹಲಿ ಮೂಲಕ ಟಿಕೆಟ್ ಅಗ್ಗಕ್ಕೆ ಸಿಕ್ಕರೆ ಆ ವಿಮಾನದ ಹಾರಾಟದ ಸಮಯವನ್ನು ಒಮ್ಮೆ ನೋಡಿಕೊಳ್ಳಿ.

ಈಗ ಕೊಡಗಿನವರಿಗೆ ಬೇಕಾದ ಲೆಕ್ಕಕ್ಕೆ ಬರೋಣ. ದುಬೈಗೆ ಮಂಗಳೂರಿನಿಂದ ಸುಮಾರು 2,460 ಕಿ.ಮೀ., ಕಣ್ಣೂರಿನಿಂದ 2,590, ಬೆಂಗಳೂರಿನಿಂದ 2,700. ಮೊದಲನೆಯದಕ್ಕೂ ಕೊನೆಯದಕ್ಕೂ 240 ಕಿ.ಮೀ. ವ್ಯತ್ಯಾಸವಿದ್ದರೂ ವಿಮಾನಕ್ಕೆ ಅದು 17–18 ನಿಮಿಷದ ಮಾತು. ಅದೇ 240 ಕಿ.ಮೀ. ರಸ್ತೆಯಲ್ಲಾದರೆ ಐದು ಗಂಟೆ. ಆದ್ದರಿಂದ ಆಕಾಶದ ದೂರವನ್ನು ಹೋಲಿಸಿ ನಿಲ್ದಾಣ ಆರಿಸುವುದರಲ್ಲಿ ಅರ್ಥವಿಲ್ಲ. ರಸ್ತೆಯಲ್ಲಿ ಎಷ್ಟು ಹೊತ್ತು, ನಡುವೆ ವಿಮಾನ ಬದಲಿಸುವುದಾದರೆ ಎಷ್ಟು ಹೊತ್ತು ಕಾಯಬೇಕು, ಈ ಎರಡೇ ನಿರ್ಣಯಿಸುತ್ತವೆ.

ಮೂರು ದಾರಿ

ಕಣ್ಣೂರು ನಿಲ್ದಾಣ ಇರುವುದು ಕಣ್ಣೂರು ಪಟ್ಟಣದಲ್ಲಲ್ಲ, ನಮ್ಮ ಕಡೆಗೆ ಇನ್ನೂ ಹತ್ತಿರದ ಮಟ್ಟನ್ನೂರಿನಲ್ಲಿ. 2018ರ ಡಿಸೆಂಬರ್ 9ರಂದು ತೆರೆಯಿತು. ವಿರಾಜಪೇಟೆಯಿಂದ ಪೆರುಂಬಾಡಿ, ಮಾಕುಟ್ಟ, ಕೂಟುಪುಳ, ಇರಿಟ್ಟಿ ದಾಟಿ ಸುಮಾರು 60 ಕಿ.ಮೀ., ಎರಡು ಗಂಟೆ ಇಟ್ಟುಕೊಳ್ಳಿ. ಗೋಣಿಕೊಪ್ಪದಿಂದ ಎರಡೂವರೆ ಗಂಟೆ. ಮಡಿಕೇರಿಯಿಂದ 90 ಕಿ.ಮೀ., ಮೂರು ಗಂಟೆ. ಕುಶಾಲನಗರದವರು ಸಿದ್ದಾಪುರದ ಮೇಲೆ ವಿರಾಜಪೇಟೆಗೆ ಬಂದು ಇಳಿಯಬೇಕು, ಮೂರೂವರೆ ಗಂಟೆಗೆ ಕಡಿಮೆಯಿಲ್ಲ. ದಾರಿ ಚಿಕ್ಕದೇ, ಆದರೆ ಮಾಕುಟ್ಟದ ಕಾಡಿನ ಇಳಿಜಾರು ಮಳೆಗಾಲದಲ್ಲಿ ನಂಬಿಕೆಗೆ ಅರ್ಹವಲ್ಲ. 2018ರಲ್ಲಿ ಇಲ್ಲಿ ರಸ್ತೆ ಕುಸಿದಿತ್ತು. ಆಮೇಲೂ ಮಳೆ ಜೋರಾದಾಗ ಭಾರೀ ವಾಹನಗಳನ್ನು ತಡೆಯುತ್ತಾರೆ. ಕಾರಿಗೆ ಬಿಟ್ಟರೂ ಒಂದು ಮರ ಬಿದ್ದರೆ ಸಾಕು, ಅದನ್ನು ಕಡಿದು ಬದಿಗೆ ಸರಿಸುವವರೆಗೆ ಎರಡೂ ಕಡೆ ಸಾಲು ನಿಲ್ಲುತ್ತದೆ, ಸುತ್ತಿಹೋಗಲು ಹತ್ತಿರದಲ್ಲಿ ಬೇರೆ ದಾರಿಯಿಲ್ಲ. ಕಾಡಿನ ಭಾಗದಲ್ಲಿ ಮೊಬೈಲ್ ಸಿಗ್ನಲ್ ಕೈಕೊಡುವುದರಿಂದ ತಡವಾಗುತ್ತದೆಂದು ಯಾರಿಗೂ ತಿಳಿಸಲೂ ಆಗದು. ಜೂನ್‌ನಿಂದ ಆಗಸ್ಟ್‌ವರೆಗೆ, ಅದರಲ್ಲೂ ಕಕ್ಕಡ ತಿಂಗಳ (ಜುಲೈ–ಆಗಸ್ಟ್) ಮಳೆಯಲ್ಲಿ, ಎರಡು ಗಂಟೆ ಹೆಚ್ಚು ಇಟ್ಟುಕೊಂಡು ಹಗಲಿನಲ್ಲೇ ಘಾಟಿ ಇಳಿದುಬಿಡಿ. ಬೆಳಗಿನ ಜಾವದ ವಿಮಾನವಾದರೆ ಹಿಂದಿನ ಸಂಜೆಯೇ ಮಟ್ಟನ್ನೂರಿಗೆ ಹೋಗಿ ಉಳಿಯುವುದು ಲೇಸು. ಬಾಡಿಗೆ ಕಾರಾದರೆ ಕೇರಳದ ಪರ್ಮಿಟ್ ತೆರಿಗೆ ಬಾಡಿಗೆಯಲ್ಲಿ ಸೇರಿದೆಯೇ ಎಂದು ಮೊದಲೇ ಮಾತಾಡಿಕೊಳ್ಳಿ, ಗಡಿಯಲ್ಲಿ ನಿಂತು ಚೌಕಾಸಿ ಮಾಡುವ ಹೊತ್ತಲ್ಲ ಅದು.

ಮಂಗಳೂರಿಗೆ ಮಡಿಕೇರಿಯಿಂದ ಸಂಪಾಜೆ, ಸುಳ್ಯ, ಪುತ್ತೂರು, ಮಾಣಿ, ಬಿ.ಸಿ. ರೋಡ್. ನಿಲ್ದಾಣದವರೆಗೆ ಸುಮಾರು 140 ಕಿ.ಮೀ., ನಾಲ್ಕು ಗಂಟೆ. ಮಂಗಳೂರು ಪೇಟೆಯೊಳಗೆ ಹೋಗುವ ಅಗತ್ಯವಿಲ್ಲ. ಬಿ.ಸಿ. ರೋಡ್‌ನಿಂದ ಪೊಳಲಿ, ಕೈಕಂಬದ ಮೇಲೆ ನಿಲ್ದಾಣವಿರುವ ಬಜ್ಪೆಗೆ ಹೋದರೆ ಪಂಪ್‌ವೆಲ್, ನಂತೂರಿನ ಗದ್ದಲ ತಪ್ಪುತ್ತದೆ. 2018ರ ಆಗಸ್ಟ್‌ನಲ್ಲಿ ಮದೆನಾಡು, ಜೋಡುಪಾಲದ ಬಳಿ ಗುಡ್ಡ ಜಾರಿ ಈ ರಸ್ತೆ ಬಹಳ ದಿನ ಮುಚ್ಚಿತ್ತು, ಹಾಗಾಗಿ ಮಳೆಗಾಲದ ಎಚ್ಚರ ಇಲ್ಲಿಗೂ ಅನ್ವಯಿಸುತ್ತದೆ. ಎರಡು ಘಾಟಿಗಳನ್ನು ತೂಗಿದರೆ ಸಂಪಾಜೆ ಅಗಲ, ರಾಷ್ಟ್ರೀಯ ಹೆದ್ದಾರಿ, ನಡುನಡುವೆ ಊರುಗಳಿವೆ. ರಾತ್ರಿ ಇಳಿಯಲೇಬೇಕಾದರೆ ಮಾಕುಟ್ಟಕ್ಕಿಂತ ಇದೇ ವಾಸಿ. ಬಜ್ಪೆಯದು ಗುಡ್ಡದ ತಲೆ ಕಡಿದು ಮಾಡಿದ 2,450 ಮೀಟರ್ ರನ್‌ವೇ. ಮಳೆ, ಮಂಜು ಕವಿದು ರನ್‌ವೇ ಕಾಣದಿದ್ದರೆ ವಿಮಾನಗಳನ್ನು ಬೆಂಗಳೂರು ಮುಂತಾದ ಬೇರೆ ಊರಿಗೆ ತಿರುಗಿಸುತ್ತಾರೆ. ಜುಲೈಯಲ್ಲಿ ಇಲ್ಲಿಂದ ಹೊರಟು ಮುಂದೆ ಇನ್ನೊಂದು ವಿಮಾನ ಹಿಡಿಯುವವರು ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ನಡುವಿನ ಸಮಯ ಆರಿಸಬೇಕು.

ಬೆಂಗಳೂರು ಎಂದಾಗ ಹೆಚ್ಚಿನವರು ಲೆಕ್ಕ ತಪ್ಪುವುದು ಕೊನೆಯ ಐವತ್ತೈದು ಕಿಲೋಮೀಟರಿನಲ್ಲಿ. ಮಡಿಕೇರಿಯಿಂದ ಮೈಸೂರಿಗೆ 118 ಕಿ.ಮೀ., ಎರಡೂಮುಕ್ಕಾಲು ಗಂಟೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಹತ್ತು ಪಥದ ಹೆದ್ದಾರಿಯಲ್ಲಿ ಮೈಸೂರಿನಿಂದ ಕೆಂಗೇರಿ ಕಡೆಗೆ ಒಂದೂವರೆ ಗಂಟೆ. ಇಲ್ಲಿಗೆ ನಾಲ್ಕೂಕಾಲು ಗಂಟೆಯಾಯಿತು, 'ಬಂದೇಬಿಟ್ಟೆವು' ಅನಿಸುತ್ತದೆ. ಆದರೆ ನಿಲ್ದಾಣವಿರುವ ದೇವನಹಳ್ಳಿ ನಗರದ ಆಚೆ ತುದಿಯಲ್ಲಿದೆ. ಬೆಳಗ್ಗೆ 8ರಿಂದ 11, ಸಂಜೆ 5ರಿಂದ 9ರ ನಡುವೆ ನಗರದೊಳಗೆ ಸಿಕ್ಕಿಕೊಂಡರೆ ಎರಡೂವರೆ ಗಂಟೆಯೂ ಹಿಡಿದೀತು. ಊಟ, ಚಹಾ ಸೇರಿಸಿ ಒಟ್ಟು ಏಳು ಗಂಟೆ ಎಂದುಕೊಳ್ಳಿ.

ನಗರ ತಪ್ಪಿಸಲು ಎರಡು ದಾರಿಗಳಿವೆ. ಮೈಸೂರು ರಸ್ತೆಯಿಂದ ನೈಸ್ ರಸ್ತೆ ಹತ್ತಿ ತುಮಕೂರು ರಸ್ತೆಗೆ ಬಂದು, ನೆಲಮಂಗಲ, ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿ ಸೇರುವುದು ಒಂದು. ಉತ್ತರ ಕೊಡಗಿನವರಿಗೆ, ಎಂದರೆ ಸೋಮವಾರಪೇಟೆ, ಶನಿವಾರಸಂತೆ, ಕೊಡ್ಲಿಪೇಟೆಯವರಿಗೆ, ಮೈಸೂರಿಗೆ ಇಳಿಯುವುದೇ ಸುತ್ತು. ಅವರು ಚನ್ನರಾಯಪಟ್ಟಣಕ್ಕೆ ಹೋಗಿ ಹಾಸನ–ಬೆಂಗಳೂರು ಹೆದ್ದಾರಿ ಹಿಡಿದು, ಬೆಳ್ಳೂರು ಕ್ರಾಸ್, ಕುಣಿಗಲ್ ದಾಟಿ ನೆಲಮಂಗಲ ತಲುಪಿ, ಅಲ್ಲಿಂದ ದೊಡ್ಡಬಳ್ಳಾಪುರದ ಕಡೆ ತಿರುಗಿದರೆ ಬೆಂಗಳೂರಿನ ಒಂದು ಸಿಗ್ನಲನ್ನೂ ನೋಡದೆ ನಿಲ್ದಾಣ ಸೇರಬಹುದು. ಈ ಭಾಗದವರಿಗೆ ಕಣ್ಣೂರು ಜಿಲ್ಲೆಯ ಆಚೆ ತುದಿ. ಅವರು ಗಲ್ಫಿಗೆ ಮಂಗಳೂರನ್ನೂ ಉಳಿದೆಡೆಗೆ ಬೆಂಗಳೂರನ್ನೂ ನೋಡುವುದು ಸರಿ.

ಕುಟ್ಟದ ಕಡೆಯವರಿಗೆ ಒಂದು ಎಚ್ಚರಿಕೆ: ನಾಗರಹೊಳೆ ಕಾಡಿನ ಮೂಲಕ ಹುಣಸೂರಿಗೆ ಹೋಗುವ ರಸ್ತೆ ಸಂಜೆ 6ರಿಂದ ಬೆಳಗ್ಗೆ 6ರವರೆಗೆ ಮುಚ್ಚಿರುತ್ತದೆ. ರಾತ್ರಿ ಹೊರಡುವುದಾದರೆ ಗೋಣಿಕೊಪ್ಪ, ತಿತಿಮತಿಯ ಮೇಲೇ ಹೋಗಬೇಕು, ಅಲ್ಲಿ ಆನೆ ರಸ್ತೆಗಿಳಿಯುವುದು ಹೊಸ ಸುದ್ದಿಯೇನಲ್ಲ.

ಮೈಸೂರಿನ ಮಂಡಕಳ್ಳಿ ನಿಲ್ದಾಣವನ್ನೂ ಕೆಲವರು ಕೇಳುತ್ತಾರೆ. ರನ್‌ವೇ 1,740 ಮೀಟರ್, ಆದ್ದರಿಂದ ಎಟಿಆರ್‌ನಂಥ ಚಿಕ್ಕ ವಿಮಾನಗಳಿಗಷ್ಟೇ ಸರಿ. ದೂರದ ಪ್ರಯಾಣಕ್ಕೆ ಅದನ್ನು ಪಟ್ಟಿಯಿಂದ ಬಿಡಬಹುದು.

ಗಲ್ಫಿಗೆ

ಮಡಿಕೇರಿಯ ಮನೆಯಿಂದ ದುಬೈಯಲ್ಲಿ ನೆಲ ಮುಟ್ಟುವವರೆಗೆ, ಮಳೆಯಿಲ್ಲದ ದಿನದ ಲೆಕ್ಕ:

| ನಿಲ್ದಾಣ | ರಸ್ತೆ | ನಿಲ್ದಾಣದೊಳಗೆ | ಹಾರಾಟ | ಒಟ್ಟು |
|---|---|---|---|---|
| ಕಣ್ಣೂರು | 3 ಗಂಟೆ | 3 ಗಂಟೆ | 3¾ ಗಂಟೆ | 9¾ ಗಂಟೆ |
| ಮಂಗಳೂರು | 4 ಗಂಟೆ | 3 ಗಂಟೆ | 3½ ಗಂಟೆ | 10½ ಗಂಟೆ |
| ಬೆಂಗಳೂರು | 7 ಗಂಟೆ | 3 ಗಂಟೆ | 4 ಗಂಟೆ | 14 ಗಂಟೆ |

ವಿರಾಜಪೇಟೆ, ಪೊನ್ನಂಪೇಟೆ, ಗೋಣಿಕೊಪ್ಪದವರಿಗೆ ಯೋಚನೆಯೇ ಬೇಡ, ಕಣ್ಣೂರು. ಮಡಿಕೇರಿಯವರಿಗೆ ಕಣ್ಣೂರು, ಮಂಗಳೂರು ಎರಡೂ ಹೆಚ್ಚುಕಡಿಮೆ ಒಂದೇ, ದರ ಮತ್ತು ಹೊರಡುವ ವೇಳೆ ನೋಡಿ ಆರಿಸಿ. ಕಣ್ಣೂರಿನಲ್ಲಿ ಒಂದು ಕೊರತೆಯಿದೆ. ರನ್‌ವೇ 3,050 ಮೀಟರ್ ಉದ್ದವಿದ್ದು ದೊಡ್ಡ ವಿಮಾನಕ್ಕೂ ಸಾಕು, ಆದರೆ ವಿದೇಶಿ ಕಂಪನಿಗಳಿಗೆ ಇಲ್ಲಿಂದ ನಿತ್ಯದ ಸಂಚಾರಕ್ಕೆ ಬೇಕಾದ 'ಪಾಯಿಂಟ್ ಆಫ್ ಕಾಲ್' ಅನುಮತಿ ಸಿಕ್ಕಿಲ್ಲ. ಭಾರತೀಯ ಕಂಪನಿಗಳಷ್ಟೇ ಹಾರುತ್ತವೆ, 2023ರ ಮೇಯಲ್ಲಿ ಗೋ ಫಸ್ಟ್ ನಿಂತ ಮೇಲೆ ಅವೂ ಕಡಿಮೆಯಾದವು. ವಿಮಾನ ಕಡಿಮೆ ಎಂದರೆ ರಜೆಯ ದಿನಗಳಲ್ಲಿ ದರ ಏರುತ್ತದೆ, ಒಂದು ರದ್ದಾದರೆ ಮುಂದಿನದು ಮರುದಿನವೋ ಅದರ ಮಾರನೆಯ ದಿನವೋ ಆಗಬಹುದು. ಸೋಮವಾರ ಬೆಳಗ್ಗೆ ಕೆಲಸಕ್ಕೆ ಹಾಜರಾಗಲೇಬೇಕಾದವರು ಭಾನುವಾರದ ಕಣ್ಣೂರು ವಿಮಾನವನ್ನು ನೆಚ್ಚದೆ ಶನಿವಾರದ್ದು ಹಿಡಿಯಲಿ. ಮಂಗಳೂರಿನಿಂದಲೂ ಗಲ್ಫಿಗೆ ಭಾರತೀಯ ಕಂಪನಿಗಳೇ.

ಯೂರೋಪು, ಅಮೆರಿಕ, ಆಸ್ಟ್ರೇಲಿಯಾ

ಇಲ್ಲಿ ತಕ್ಕಡಿ ಬೆಂಗಳೂರಿನ ಕಡೆಗೆ ಬಾಗುತ್ತದೆ, ಆದರೆ ಎಲ್ಲರೂ ಅಂದುಕೊಂಡಷ್ಟು ಅಲ್ಲ. ಲಂಡನ್ನನ್ನೇ ತೆಗೆದುಕೊಳ್ಳಿ. ಬೆಂಗಳೂರಿನಿಂದ ನೇರ 8,040 ಕಿ.ಮೀ. ಮಂಗಳೂರಿನಿಂದ ಮುಂಬೈಗೆ 715, ಅಲ್ಲಿಂದ ಲಂಡನ್‌ಗೆ 7,210, ಕೂಡಿದರೆ 7,925. ಮುಂಬೈಗೆ ಸುತ್ತಿಹೋದರೂ ದಾರಿ ಕಡಿಮೆಯೇ ಆಯಿತು, ಏಕೆಂದರೆ ಮಂಗಳೂರೂ ಮುಂಬೈಯೂ ಬೆಂಗಳೂರಿಗಿಂತ ಪಶ್ಚಿಮಕ್ಕಿವೆ. ಮಡಿಕೇರಿಯಿಂದ ಲೆಕ್ಕ ಹಾಕಿದರೆ ಬೆಂಗಳೂರಿನ ದಾರಿ ಏಳು, ಮೂರು, ಹತ್ತೂವರೆ ಸೇರಿ ಇಪ್ಪತ್ತೂವರೆ ಗಂಟೆ. ಮಂಗಳೂರಿನ ದಾರಿ ನಾಲ್ಕು, ಎರಡೂವರೆ, ಮುಂಬೈಗೆ ಒಂದೂವರೆ, ಅಲ್ಲಿ ಕಾಯಲು ನಾಲ್ಕು, ಮುಂದೆ ಹತ್ತು, ಒಟ್ಟು ಇಪ್ಪತ್ತೆರಡು. ಒಂದೂವರೆ ಗಂಟೆಯಷ್ಟೇ ಹೆಚ್ಚು. ಏಳು ಗಂಟೆ ಕಾರಿನಲ್ಲಿ ಕೂರಲಾಗದ ವಯಸ್ಸಾದವರಿಗೆ ಇದು ಯೋಚಿಸುವಂಥದ್ದು. ಮುಂಬೈಯಲ್ಲಿ ಕಾಯುವುದು ಎಂಟು ಗಂಟೆಯಾದರೆ ಮಾತ್ರ ಲಾಭವೆಲ್ಲ ಹೋಯಿತು.

ಸ್ಯಾನ್‌ಫ್ರಾನ್ಸಿಸ್ಕೋಗೆ ನೇರ ವಿಮಾನ ಸಿಕ್ಕರೆ ಹದಿನೇಳು ಗಂಟೆಯ ಆಸುಪಾಸು. ನಿಮ್ಮ ತಾರೀಖಿಗೆ ಅದು ಇದೆಯೇ ಎಂದು ಖಚಿತ ಮಾಡಿಕೊಂಡೇ ಉಳಿದ ಯೋಜನೆ ಮಾಡಿ. ಇಲ್ಲದಿದ್ದರೆ ಬೆಂಗಳೂರಿನಿಂದ ದುಬೈ ಮೂಲಕ ಸುಮಾರು 15,700 ಕಿ.ಮೀ., ಫ್ರಾಂಕ್‌ಫರ್ಟ್ ಮೂಲಕ 16,550, ಲಂಡನ್ ಮೂಲಕ 16,660, ಸಿಂಗಪುರ ಮೂಲಕ ಇನ್ನೂ ಒಂದು ನೂರು ಹೆಚ್ಚು. ದುಬೈ ಬಿಟ್ಟರೆ ಉಳಿದ ಮೂರರ ನಡುವೆ ಹತ್ತು–ಹದಿನೈದು ನಿಮಿಷದ ವ್ಯತ್ಯಾಸ. ಹಾಗಾಗಿ ಇಲ್ಲಿ ಆರಿಸಬೇಕಾದದ್ದು ನಡುವೆ ಕಾಯುವ ಸಮಯವನ್ನು: ಎರಡು ಗಂಟೆಗಿಂತ ಕಡಿಮೆ ಬೇಡ, ಐದಕ್ಕಿಂತ ಹೆಚ್ಚೂ ಬೇಡ.

ಸಿಡ್ನಿಗೆ ಕ್ವಾಂಟಾಸ್ 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಿಂದ ನೇರ ಸೇವೆ ಆರಂಭಿಸಿತು, ಸುಮಾರು 9,350 ಕಿ.ಮೀ. ಸಿಂಗಪುರದಲ್ಲಿ ಇಳಿದು ಹೋದರೆ ಕೂಡುವುದು ಕೇವಲ ನೂರು ಚಿಲ್ಲರೆ ಕಿಲೋಮೀಟರ್, ಸಿಂಗಪುರ ಆ ಗೆರೆಯ ಮೇಲೇ ಇದೆ ಎನ್ನಬಹುದು. ಹನ್ನೆರಡು ಗಂಟೆ ಒಂದೇ ಕಡೆ ಕೂತರೆ ಕಾಲು ಬಾಯುವವರಿಗೆ ಸಿಂಗಪುರದ ದಾರಿಯೇ ಹಿತ.

ದಕ್ಷಿಣ ಕೊಡಗಿನವರಿಗೆ ಇನ್ನೊಂದು ಆಯ್ಕೆಯಿದೆ, ಕೋಳಿಕ್ಕೋಡಿನ ಕರಿಪೂರ್. ಕುಟ್ಟದಿಂದ ಮಾನಂದವಾಡಿ, ಕಲ್ಪೆಟ್ಟ, ತಾಮರಶ್ಶೇರಿ ಚುರದ (ಘಾಟಿಯ) ಒಂಬತ್ತು ತಿರುವು ಇಳಿದು ಹೋಗಬೇಕು. ಗಲ್ಫಿನ ವಿದೇಶಿ ಕಂಪನಿಗಳು ಅಲ್ಲಿಗೆ ಬರುವುದರಿಂದ ಯೂರೋಪಿನವರೆಗೂ ಒಂದೇ ಟಿಕೆಟ್ ಸಿಗುತ್ತದೆ. ವಾರದ ಕೊನೆಯಲ್ಲಿ ಚುರದಲ್ಲಿ ಪ್ರವಾಸಿಗರ ಸಾಲು ಕಟ್ಟುತ್ತದೆ, ಅದೊಂದನ್ನು ನೋಡಿಕೊಂಡರೆ ಆಯಿತು.

ಟಿಕೆಟ್ ಓದುವಾಗ

ಟಿಕೆಟ್ಟಿನ ಮೇಲೆ ಅಚ್ಚಾಗುವ ವೇಳೆ ಆಯಾ ಊರಿನದು. ಬೆಂಗಳೂರು ಬಿಡುವುದು 10:00, ದುಬೈ ಸೇರುವುದು 12:30 ಎಂದಿದ್ದರೆ ಪ್ರಯಾಣ ಎರಡೂವರೆ ಗಂಟೆಯಲ್ಲ, ನಾಲ್ಕು ಗಂಟೆ. ದುಬೈ, ಮಸ್ಕತ್ ನಮಗಿಂತ ಒಂದೂವರೆ ಗಂಟೆ ಹಿಂದೆ. ದೋಹಾ, ಕುವೈತ್, ರಿಯಾದ್ ಎರಡೂವರೆ ಗಂಟೆ ಹಿಂದೆ. ಸಿಂಗಪುರ ಎರಡೂವರೆ ಗಂಟೆ ಮುಂದೆ. ಲಂಡನ್ ಚಳಿಗಾಲದಲ್ಲಿ ಐದೂವರೆ, ಮಾರ್ಚ್ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ ನಾಲ್ಕೂವರೆ ಗಂಟೆ ಹಿಂದೆ. ರಾತ್ರಿ 12 ದಾಟಿದ ವಿಮಾನದ ತಾರೀಖಿನಲ್ಲಿ ಎಡವುವವರೇ ಹೆಚ್ಚು: 15ನೇ ತಾರೀಖು 01:30 ಎಂದಿದ್ದರೆ ಮಡಿಕೇರಿಯಿಂದ ಹೊರಡಬೇಕಾದ್ದು 14ರ ಮಧ್ಯಾಹ್ನ.

ಅದಕ್ಕಿಂತ ದೊಡ್ಡ ನಷ್ಟ ಆಗುವುದು ಟಿಕೆಟ್ಟನ್ನು ಎರಡು ತುಂಡು ಮಾಡಿದಾಗ. ಕಣ್ಣೂರಿನಿಂದ ಅಬುಧಾಬಿಗೆ ಒಂದು, ಅಲ್ಲಿಂದ ಯೂರೋಪಿಗೆ ಬೇರೆ ಕಂಪನಿಯದು ಇನ್ನೊಂದು ಕೊಂಡರೆ ಮೊತ್ತ ಕಡಿಮೆ ಕಾಣಬಹುದು. ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಯಾರೂ ಹೊಣೆಯಲ್ಲ, ಹೊಸ ಟಿಕೆಟ್ ನಿಮ್ಮ ಖರ್ಚು. ಲಗೇಜನ್ನು ನಡುವೆ ಹೊರಗೆ ತೆಗೆದು ಮತ್ತೆ ಹಾಕಬೇಕಾಗಿ ಬಂದರೆ ಆ ದೇಶದ ವೀಸಾ ಕೇಳಬಹುದು. ಒಂದೇ ಪಿಎನ್‌ಆರ್‌ನಲ್ಲಿ ಇಡೀ ಪ್ರಯಾಣ ಇದ್ದರೆ ಮುಂದಿನ ವಿಮಾನಕ್ಕೆ ಹತ್ತಿಸುವುದು ಕಂಪನಿಯ ಕೆಲಸ. ತೂಕದ ತಕರಾರೂ ಹಾಗೆಯೇ. ದೇಶದೊಳಗಿನ ವಿಮಾನದಲ್ಲಿ ಸಾಮಾನ್ಯವಾಗಿ 15 ಕೆ.ಜಿ., ಖಂಡ ದಾಟುವುದರಲ್ಲಿ 23 ಕೆ.ಜಿ.ಯ ಒಂದೋ ಎರಡೋ ಪೆಟ್ಟಿಗೆ. ಬೇರೆ ಬೇರೆ ಟಿಕೆಟ್ಟಾದರೆ ಮುಂಬೈವರೆಗೆ 15ರ ಲೆಕ್ಕವೇ ನಡೆಯುತ್ತದೆ, ಮಿಕ್ಕಿದ್ದಕ್ಕೆಲ್ಲ ಕಿಲೋವಾರು ದುಡ್ಡು.

ಪೆಟ್ಟಿಗೆಯಲ್ಲಿ ಏನು

ಹುರಿದ ಕಾಫಿಪುಡಿ, ಕಾಳುಮೆಣಸಿಗೆ ಸಾಮಾನ್ಯವಾಗಿ ತೊಂದರೆಯಿಲ್ಲ, ಆಸ್ಟ್ರೇಲಿಯಾದಲ್ಲಿ ಮಾತ್ರ ಆಹಾರ ಪದಾರ್ಥ ಏನಿದ್ದರೂ ಕಾರ್ಡಿನಲ್ಲಿ ಬರೆದು ತೋರಿಸಿ. ಅಡುಗೆಯ ಕಪ್ಪು ಹುಳಿರಸ ಕಾಚಂಪುಳಿ ದ್ರವವಾದ್ದರಿಂದ 100 ಮಿ.ಲೀ. ಮೀರಿದರೆ ಕೈಚೀಲದಲ್ಲಿ ಬಿಡುವುದಿಲ್ಲ. ಮುಚ್ಚಳಕ್ಕೆ ಟೇಪು ಸುತ್ತಿ, ಎರಡು ಪ್ಲಾಸ್ಟಿಕ್ ಚೀಲದೊಳಗಿಟ್ಟು ದೊಡ್ಡ ಪೆಟ್ಟಿಗೆಗೆ ಹಾಕಿ, ಸೋರಿದರೆ ಆ ಕಪ್ಪು ಬಟ್ಟೆಯಿಂದ ಹೋಗುವುದಿಲ್ಲ. ಪಂದಿ (ಹಂದಿಮಾಂಸ) ಉಪ್ಪಿನಕಾಯಿ ಬ್ರಿಟನ್, ಯೂರೋಪು, ಅಮೆರಿಕ, ಆಸ್ಟ್ರೇಲಿಯಾ ಎಲ್ಲಿಗೂ ಒಯ್ಯುವಂತಿಲ್ಲ. ಸೌದಿ, ಕುವೈತ್‌ಗಂತೂ ಮಾತೇ ಇಲ್ಲ.

ಕೋವಿ ಇರುವ ಮನೆಯವರು ಇನ್ನೊಂದು ಕೆಲಸ ಮಾಡಲೇಬೇಕು. ತೋಟಕ್ಕೋ ಹಬ್ಬಕ್ಕೋ ಹಾಕಿಕೊಂಡ ಜಾಕೆಟ್, ಹೆಗಲಚೀಲಗಳ ಎಲ್ಲ ಜೇಬುಗಳನ್ನೂ ತಿರುವಿ ನೋಡಿ. ಕೊಡವರಿಗೂ ಜಮ್ಮಾ (ಹಳೆಯ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ವಿನಾಯಿತಿ ಇರುವುದು ನಿಜ. ಆದರೆ ಅದು ವಿಮಾನ ನಿಲ್ದಾಣದ ಭದ್ರತಾ ತಪಾಸಣೆಗೆ ಅನ್ವಯಿಸುವುದಿಲ್ಲ. ಮರೆತು ಉಳಿದ ಒಂದು ತೋಟಾ ಸ್ಕ್ಯಾನರ್‌ನಲ್ಲಿ ಕಂಡರೂ ಪೊಲೀಸರ ಕೈಗೆ ಹೋಗುತ್ತದೆ, ವಿವರಣೆ ಕೊಟ್ಟು ಮುಗಿಸುವಷ್ಟರಲ್ಲಿ ವಿಮಾನ ಹೋಗಿರುತ್ತದೆ.

ಮರಳಿ ಬರುವಾಗ

ಖಂಡ ದಾಟಿ ಬರುವ ವಿಮಾನಗಳು ಬೆಂಗಳೂರಿನಲ್ಲಿ ಹೆಚ್ಚಾಗಿ ಇಳಿಯುವುದು ನಡುರಾತ್ರಿಯಿಂದ ಬೆಳಗಿನ ಜಾವದೊಳಗೆ. ಇಮಿಗ್ರೇಷನ್, ಪೆಟ್ಟಿಗೆ ಎಲ್ಲ ಸೇರಿ ಹೊರಗೆ ಬರಲು ಒಂದೂವರೆ ಗಂಟೆ. ಕೊಡಗಿನಿಂದ ಬಂದು ಕಾದು ಕೂತ ಚಾಲಕ ಅಷ್ಟರಲ್ಲಿ ಹದಿನಾಲ್ಕು ಗಂಟೆ ನಿದ್ದೆಗೆಟ್ಟಿರುತ್ತಾನೆ. ಅವನಿಗೆ ನಿಲ್ದಾಣದ ಹತ್ತಿರ ಮಲಗಲು ಕೋಣೆ ಕೊಡಿಸಿ, ಇಲ್ಲವೇ ಕೆಎಸ್‌ಆರ್‌ಟಿಸಿ ಫ್ಲೈಬಸ್ ಹತ್ತಿ ಮೈಸೂರಿಗೆ ಬಂದು ಅಲ್ಲಿಗೆ ಕಾರು ಕರೆಸಿಕೊಳ್ಳಿ. ಕಣ್ಣೂರಿನಲ್ಲಿ ರಾತ್ರಿ ಇಳಿದವರು ಮಳೆಗಾಲದಲ್ಲಿ ಬೆಳಕು ಹರಿಯುವವರೆಗೆ ನಿಲ್ದಾಣದೊಳಗೇ ಕೂತು, ಮಾಕುಟ್ಟದಲ್ಲಿ ದಾರಿ ತೆರೆದಿದೆಯೇ ಎಂದು ವಿರಾಜಪೇಟೆಗೆ ಫೋನ್ ಮಾಡಿ ಕೇಳಿಕೊಂಡು ಹೊರಡಲಿ.